ಅಕ್ಕನ ಹಸಿರು ಸೀರೆ

ಮಕ್ಕಳೇ, ಕಳೆದ ತಿಂಗಳು ನನ್ನ ಮೊಬೈಲಿಗೆ ಒಂದು ಮದುವೆ ಕರೆಯೋಲೆ ಬಂತು. ನನ್ನ ಅಕ್ಕನ ಮೊಮ್ಮಗಳ ಮದುವೆ. ಅದರ ಹಿಂದೆಯೇ ಇನ್ನೊಂದು ಸಂದೇಶ: ‘ಮೆಹಂದಿ ಶುಕ್ರವಾರ ಸಂಜೆ 4ಕ್ಕೆ. ಎಲ್ಲರೂ ಹಸಿರು ಬಟ್ಟೆಯಲ್ಲೇ ಬರಬೇಕು. ಅಜ್ಜಿ ತಾತಂದಿರಿಗೂ ವಿನಾಯಿತಿ ಇಲ್ಲ.’ ಮೂವತ್ತೈದು ವರ್ಷ ಬಿಳಿ ಶರ್ಟು, ಬೂದು ಪ್ಯಾಂಟು ಹಾಕಿಕೊಂಡು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ನನ್ನ ಬೀರುವಿನಲ್ಲಿ ಹಸಿರು ಅಂತ ಇದ್ದದ್ದು ಒಂದು ಟವೆಲ್ಲು ಮಾತ್ರ.

ನಮ್ಮ ಕಾಲದಲ್ಲಿ ಇದಕ್ಕೆ ಗೋರಂಟಿ ಅನ್ನುತ್ತಿದ್ದೆವು. ಆಷಾಢದಲ್ಲಿ ಅಮ್ಮ ಹಿತ್ತಲ ಗಿಡದಿಂದ ಸೊಪ್ಪು ಬಿಡಿಸಿ, ಒಂದಿಷ್ಟು ಹುಣಸೆಹಣ್ಣು ಸೇರಿಸಿ ಒರಳಿನಲ್ಲಿ ರುಬ್ಬುತ್ತಿದ್ದರು. ಅಂಗೈ ನಡುವೆ ಒಂದು ದೊಡ್ಡ ಚಂದ್ರ, ಸುತ್ತ ಚಿಕ್ಕ ಬೊಟ್ಟು, ಬೆರಳ ತುದಿಗೆ ಟೊಪ್ಪಿ. ಅಷ್ಟೇ ಚಿತ್ತಾರ. ಬಟ್ಟೆಯ ಪ್ರಶ್ನೆಯೇ ಇರಲಿಲ್ಲ, ಮನೆಯಲ್ಲಿ ಯಾವುದು ಎಲ್ಲಕ್ಕಿಂತ ಹಳೆಯದೋ ಅದು. ಆದರೂ ಬೆಳಿಗ್ಗೆ ಹಾಸಿಗೆಯೆಲ್ಲ ಕೆಂಪಾಗಿ ಬೈಸಿಕೊಳ್ಳುತ್ತಿದ್ದೆವು. ಮಂಗಳೂರು, ಉಡುಪಿ ಕಡೆ ಮದುವೆಯ ಹಿಂದಿನ ರಾತ್ರಿಯ ಮದರಂಗಿ ಹಳೆಯ ಸಂಪ್ರದಾಯ. ಮೈಸೂರಿನ ನಮ್ಮ ಮನೆಗೆ ಈ ಹಾಡು, ಕುಣಿತದ ಮೆಹಂದಿ ಬಂದದ್ದು ಈಚೆಗೆ.

ಆರನೇ ಕ್ಲಾಸಿನ ನನ್ನ ಮೊಮ್ಮಗಳು ರೇಷ್ಮೆ ಲಂಗವೇ ಬೇಕು ಎಂದು ಹಟ ಹಿಡಿದಳು. ಬೇಡ ಎಂದೆ. ಗೋರಂಟಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ಅಂಶ ಇದೆ. ಅದು ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಚರ್ಮದ ಮೇಲ್ಪದರ, ಕೂದಲು, ಉಣ್ಣೆ, ರೇಷ್ಮೆ ಎಲ್ಲವೂ ಪ್ರೋಟೀನೇ. ಕೈ ಕೆಂಪಾಗುವುದು ಯಾವ ಕಾರಣಕ್ಕೋ, ರೇಷ್ಮೆಗೆ ಬಿದ್ದ ಕಲೆ ಹೋಗದಿರುವುದೂ ಅದೇ ಕಾರಣಕ್ಕೆ. ಹತ್ತಿ ಬಟ್ಟೆ ಹಾಕಿಕೋ, ತೋಳು ಮೊಣಕೈಯಿಂದ ಮೇಲಿರಲಿ, ದುಪಟ್ಟಾ ಮನೆಯಲ್ಲೇ ಇರಲಿ ಎಂದೆ. ಲಾಡಿ ಕಟ್ಟುವ ಪೈಜಾಮ ಹಾಕಿಕೊಂಡು ಎರಡೂ ಕೈಗೆ ಹಚ್ಚಿಸಿಕೊಂಡರೆ ಆಮೇಲೆ ಬಚ್ಚಲಿಗೆ ಹೋಗುವಾಗ ತಿಳಿಯುತ್ತದೆ ಕಷ್ಟ! ಇನ್ನೊಂದು ಮಾತು. ನಿಜವಾದ ಗೋರಂಟಿ ಮೊದಲು ಕಿತ್ತಳೆ ಬಣ್ಣ ಬಂದು, ಒಂದೆರಡು ದಿನದಲ್ಲಿ ಕಡು ಕೆಂಪಿಗೆ ತಿರುಗುತ್ತದೆ. ತಕ್ಷಣ ಕಪ್ಪಗಾಗುತ್ತದೆ ಅಂತ ಯಾರಾದರೂ ಕೋನು ತೋರಿಸಿದರೆ ಕೈ ಚಾಚಬೇಡಿ. ಅದರಲ್ಲಿ ಕೂದಲ ಡೈಗೆ ಬಳಸುವ ರಾಸಾಯನಿಕ ಇರಬಹುದು, ಚರ್ಮದಲ್ಲಿ ಬೊಬ್ಬೆ ಏಳುತ್ತದೆ.

ಇಷ್ಟೆಲ್ಲ ಪಾಠ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. “ತಾತ, ದೊಡ್ಡಜ್ಜಿ ಯಾವ ಹಸಿರು ಸೀರೆ ಉಡ್ತಾರೆ? ಅವರು ಯಾವಾಗಲೂ ಕಂದು ಬಣ್ಣದ್ದೇ ಉಡ್ತಾರಲ್ಲ?”

ನನಗೆ ಉತ್ತರ ಹೊರಡಲಿಲ್ಲ.

ಅಕ್ಕನಿಗೆ ಈಗ 79. ಭಾವ ಹೋಗಿ 18 ವರ್ಷವಾಯಿತು. ಹಸಿರು ಸೀರೆ, ಹಸಿರು ಬಳೆ ಮುತ್ತೈದೆಯರಿಗೆ ಮಾತ್ರ ಅನ್ನುವ ಮನೆತನ ನಮ್ಮದು. ಆ ಹದಿಮೂರು ದಿನಗಳಲ್ಲಿ ಅವಳಿಗೆ ತವರಿನಿಂದ ಒಂದು ಸೀರೆ ತರಬೇಕು ಎಂದರು ಹಿರಿಯರು. ತವರು ಅಂದರೆ ನಾನೇ. ಅಂಗಡಿಗೆ ಹೋಗಿ, “ಅಂಚು ಇಲ್ಲದ್ದು, ಕಂದು ಬಣ್ಣದ್ದು ಕೊಡಿ” ಎಂದು ಕೇಳಿ ತಂದವನು ನಾನು. ಅಂಗಡಿಯವರು ಯಾರಿಗೆ ಎಂದು ಕೇಳಲಿಲ್ಲ, ಅವರಿಗೆ ಗೊತ್ತಾಗಿತ್ತು. ಅಕ್ಕ ಅದನ್ನು ಉಟ್ಟಳು. ಒಂದು ಮಾತೂ ಆಡಲಿಲ್ಲ.

ಅದೇ ಅಕ್ಕನಿಗೆ ನಾನು ಮೊದಲು ಕೊಟ್ಟ ಸೀರೆ ಹಸಿರಿನದು. 1975ರಲ್ಲಿ ನನ್ನ ಮೊದಲ ಕೆಲಸ ಆಗಿನ ವಿಜಾಪುರ ಜಿಲ್ಲೆಯಲ್ಲಿ. ಎರಡನೇ ತಿಂಗಳ ಸಂಬಳದಲ್ಲಿ ಇಳಕಲ್ಲಿಗೆ ಹೋಗಿ, ನೇಕಾರರ ಮನೆಯ ಜಗಲಿಯ ಮೇಲೆ ಕುಳಿತು ಆರಿಸಿದ್ದೆ. ಗಿಳಿಹಸಿರು ಮೈ, ಕೆಂಪು ರೇಷ್ಮೆ ಸೆರಗು, ಸೆರಗಿನಲ್ಲಿ ಕೋಟೆಯ ತೆನೆಯಂತೆ ಬಿಳಿ ಹಲ್ಲುಗಳು. ಮೈಯ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ, ಅದಕ್ಕೆ ತೊಪೆ ತೆನೆ ಅನ್ನುತ್ತಾರೆ ಎಂದು ಆ ನೇಕಾರರು ಬಿಡಿಸಿ ತೋರಿಸಿದ್ದರು. ಬೆಲೆ 85 ರೂಪಾಯಿ, ನನ್ನ ಡೈರಿಯಲ್ಲಿ ಇನ್ನೂ ಇದೆ.

ಅಕ್ಕನಿಗೆ ಫೋನ್ ಮಾಡಿದೆ.

“ಶುಕ್ರವಾರ ಏನು ಉಡ್ತೀಯಕ್ಕಾ?”

“ನಾನು ಆಚೆ ಬರಲ್ಲ ಕಣೋ. ಅಡುಗೆಮನೇಲಿ ಇರ್ತೀನಿ. ಯಾರಾದರೂ ಕಾಫಿ ನೋಡ್ಕೋಬೇಕಲ್ಲ.”

“ಅಡುಗೆಗೆ ಭಟ್ಟರನ್ನ ಕರೆಸಿದ್ದಾರಂತಲ್ಲ.”

ಸುಮ್ಮನಾದಳು.

“ಆ ಇಳಕಲ್ ಸೀರೆ ಇದೆಯಾ?”

“ಟ್ರಂಕಿನಲ್ಲಿದೆ. ವರ್ಷಕ್ಕೊಂದು ಸಲ ಮಡಿಕೆ ಬದಲಾಯಿಸಿ ಇಡ್ತೀನಿ.” ಆಮೇಲೆ, ದನಿ ತಗ್ಗಿಸಿ, “ಬೇಡ ಬಿಡು. ಜನ ಏನಂದ್ಕೋತಾರೆ. ಮಗುವಿನ ಶುಭಕಾರ್ಯ.”

ಕೌಂಟರಿನಲ್ಲಿ ಯಾವತ್ತಾದರೂ ಲೆಕ್ಕ ತಪ್ಪಿದರೆ ಅವತ್ತೇ ತಿದ್ದಿ, ಪಕ್ಕದಲ್ಲಿ ಸಹಿ ಹಾಕುತ್ತಿದ್ದೆ. ಇದಕ್ಕೆ 18 ವರ್ಷ ಬೇಕಾಯಿತು. “ಅಕ್ಕಾ, ಆ ಕಂದು ಸೀರೆ ತಂದವನು ನಾನು. ತರಬಾರದಿತ್ತು” ಎಂದೆ. ಅವಳು, “ಪಲ್ಯ ಸೀಯ್ತಿದೆ” ಎಂದು ಫೋನ್ ಇಟ್ಟುಬಿಟ್ಟಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹೇಳಬಾರದಿತ್ತೇನೋ ಅನ್ನಿಸಿತು.

ಶುಕ್ರವಾರ ಮಗನ ಹಸಿರು ಜುಬ್ಬ ತೊಟ್ಟು ಹೋದೆ, ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ. ಅಂಗಳದಲ್ಲಿ ಷಾಮಿಯಾನ, ಹುಡುಗಿಯರ ಗಲಾಟೆ. ನಾಲ್ಕೂವರೆಯಾದರೂ ಅಕ್ಕ ಕಾಣಲಿಲ್ಲ. ಮದುಮಗಳು ಒಂದು ಕೈಯ ಮೆಹಂದಿ ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದಳು. ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ಬರುವಾಗ ಅವಳ ಹಿಂದೆ ಅಕ್ಕ, ಇಳಕಲ್ ಸೀರೆಯಲ್ಲಿ. ಮಡಿಕೆಯ ಗೆರೆಗಳು ಹಾಗೇ ಕಾಣುತ್ತಿದ್ದವು. ಹಿರಿಯರೊಬ್ಬರು ಮುಖ ತಿರುಗಿಸಿದ್ದನ್ನು ನಾನೂ ನೋಡಿದೆ, ಅಕ್ಕನೂ ನೋಡಿದಳು. ಸೆರಗನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತಳು.

ಕೈಗೆ ಹಚ್ಚಿಸಿಕೊಳ್ಳಲು ಒಪ್ಪಲಿಲ್ಲ. ನನ್ನ ಮೊಮ್ಮಗಳು ಬಿಡಬೇಕಲ್ಲ! ಕೋನು ತಂದು, “ದೊಡ್ಡಜ್ಜಿ, ಒಂದೇ ಒಂದು ಚಂದ್ರ” ಎಂದು ಅಂಗೈ ಬಿಡಿಸಿ ಬೊಟ್ಟಿಟ್ಟಳು. ಅಕ್ಕ ಮರೆತು ಅದೇ ಕೈಯಲ್ಲಿ ಸೆರಗು ಸರಿಮಾಡಿಕೊಂಡಳು.

ಮದುವೆ ಚೆನ್ನಾಗಿ ಆಯಿತು. ಮುಂದಿನ ವಾರ ಅಕ್ಕನ ಫೋನು.

“ಸೆರಗಿನ ಕಲೆ ಹೋಗಲೇ ಇಲ್ಲ ಕಣೋ.”

“ರೇಷ್ಮೆ ಅಲ್ವಾ ಅಕ್ಕಾ, ಹೋಗಲ್ಲ.”

“ಆ ಇಳಕಲ್ಲಿಗೆ ಈಗಲೂ ಬಸ್ಸು ಇದೆಯಾ? ಇನ್ನೊಂದು ಸಿಗುತ್ತಾ ನೋಡು.”

“ಯಾವ ಬಣ್ಣದ್ದು ತರಲಿ?”

“ನೀನೇ ನೋಡಿ ತಗೊಂಡು ಬಾ. ಕಂದು ಮಾತ್ರ ಬೇಡ.”