ಅಪರಾಧವಲ್ಲವೆಂದರೆ ಸಾಲದು

ಸಲಿಂಗಾನುರಾಗಿಗಳನ್ನು ಅಪರಾಧಿಗಳೆಂದೆಣಿಸಲು ಆಧಾರವಾಗಿದ್ದುದು 1860ನೆಯ ಇಸವಿಯ ದಂಡಸಂಹಿತೆಯ 377ನೆಯ ಕಲಮು. ವಯಸ್ಕರ ಪರಸ್ಪರ ಸಮ್ಮತಿಯ ಮಟ್ಟಿಗೆ ಅದನ್ನು ಸರ್ವೋಚ್ಚ ನ್ಯಾಯಾಲಯವು 2018ನೆಯ ಸೆಪ್ಟೆಂಬರ್ 6ರಂದು ರದ್ದುಗೊಳಿಸಿತು. ಇಷ್ಟರಿಂದಲೇ ಎಲ್ಲವೂ ನೆಟ್ಟಗಾಯಿತೆಂದು ನಮ್ಮ ವಿದ್ಯಾವಂತರು ನೆಮ್ಮದಿಯಿಂದಿರುವುದು ಸೋಜಿಗವೇ ಸರಿ. ಕೈಕೋಳವು ಕಳಚಿತು, ದಿಟ. ತಲೆಯ ಮೇಲಣ ಸೂರೆಲ್ಲಿ?

ಲಿಂಗದ ಕಾರಣದಿಂದ ಭೇದವೆಣಿಸಕೂಡದೆಂದು ಸಂವಿಧಾನದ 15ನೆಯ ಅನುಚ್ಛೇದವು ಸರ್ಕಾರಕ್ಕೆ ಕಟ್ಟುಮಾಡಿದೆ. ಲೈಂಗಿಕ ಒಲವೂ ಇದರಲ್ಲಿ ಅಡಕವೆಂದು ಆ ತೀರ್ಪಿನಲ್ಲಿಯೇ ವಿವರಿಸಲಾಯಿತು. ಆದರೆ ಬಾಡಿಗೆಯ ಮನೆಯನ್ನು ನಿರಾಕರಿಸುವ ಯಜಮಾನನಿಗಾಗಲಿ, ಕೆಲಸದಿಂದ ತೆಗೆಯುವ ಖಾಸಗಿ ಧಣಿಗಾಗಲಿ ಈ ಕಟ್ಟು ನೇರವಾಗಿ ತಗಲದು. ಇವರನ್ನು ತಡೆಯುವ ಸಮಗ್ರ ಕೇಂದ್ರ ಶಾಸನವು ಇಂದಿಗೂ ಇಲ್ಲ.

ಇಂತಹ ರಕ್ಷಣೆಯಿಂದ ಕುಟುಂಬವು ಕೆಡುವುದೆಂದು ಆಕ್ಷೇಪಿಸುವವರುಂಟು. ಕುಟುಂಬವೆಂದರೇನು? ರೋಗದಲ್ಲಿ ಶುಶ್ರೂಷೆ, ಮುಪ್ಪಿನಲ್ಲಿ ಆಸರೆ, ಕೊನೆಗಾಲದಲ್ಲಿ ಬಾಯಿಗೆ ನೀರು, ಇವಲ್ಲವೆ? ಇವನ್ನೆಲ್ಲ ನಡೆಸುತ್ತಿರುವ ಇಬ್ಬರು ಕುಟುಂಬವನ್ನು ಕಟ್ಟುತ್ತಿರುವರು. ಒಲವು ತಿಳಿದೊಡನೆ ಹೆತ್ತ ಮಗನನ್ನು ಹೊರದೂಡುವವರೇ ಅದನ್ನು ಒಡೆಯುವವರು.

ಸಲಿಂಗಿಗಳ ಸಂಬಂಧವೂ ಕುಟುಂಬದ ಒಂದು ರೂಪವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವೇ 2022ರಲ್ಲಿ ನುಡಿಯಿತು. 2023ನೆಯ ಅಕ್ಟೋಬರ್ 17ರಂದು ವಿವಾಹದ ಮನ್ನಣೆಯನ್ನು ಪಾರ್ಲಿಮೆಂಟಿನ ಪಾಲಿಗೆ ಬಿಟ್ಟಿತು. ಇಂಥವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರವು 2024ರಲ್ಲಿ ತಿಳಿಸಿತು. ಹಣವು ಜೊತೆಯಾಗಿರಬಹುದು, ಆದರೆ ಒಬ್ಬನು ಉಯಿಲಿಲ್ಲದೆ ತೀರಿಕೊಂಡರೆ, ಬಾಳೆಲ್ಲ ಜೊತೆಗಿದ್ದವನು ಹಿಂದೂ ಉತ್ತರಾಧಿಕಾರ ಶಾಸನದ ಮೇರೆಗೆ ವಾರಸುದಾರನಲ್ಲ!

ಮನೆ, ಉದ್ಯೋಗ, ಆಸ್ಪತ್ರೆ, ಆಸ್ತಿ ಈ ನಾಲ್ಕರಲ್ಲಿಯೂ ರಕ್ಷಣೆ ನೀಡುವ ಶಾಸನವನ್ನು ಪಾರ್ಲಿಮೆಂಟು ಮಾಡಲೇಬೇಕು. ಅದನ್ನು ಕೇಳುವ ಹೊಣೆ ಅವರೊಬ್ಬರದೇ ಅಲ್ಲ. ಅವರನ್ನು ಹೆತ್ತ ಮನೆಗಳದೂ ಹೌದು.