ನಟಿಯನ್ನು ಕರೆಸುವ ಮೊದಲು ಅರ್ಜಿ ಬರೆಯೋಣ

ಆಲಮಟ್ಟಿ ಹತ್ತಿರದ ಒಂದು ಪುನರ್ವಸತಿ ಕೇಂದ್ರದಲ್ಲಿ ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆವು. ಮಹಿಳಾ ದಿನಾಚರಣೆ ಹೇಗೆ ಮಾಡಬೇಕು ಅಂತ ಚರ್ಚೆ ನಡೆದಿತ್ತು. ಕೂಲಿಗೆ ಹೋಗುವ, ಹೋಟೆಲು, ಅಂಗಡಿಗಳಲ್ಲಿ ದುಡಿಯುವ ಹೆಣ್ಮಕ್ಕಳಿಗೆ ಆಗುವ ಕಿರುಕುಳದ ಬಗ್ಗೆ ಮಾತಾಡಬೇಕು ಎಂದು ಶುರುವಾದದ್ದು. ಅರ್ಧ ತಾಸಿನಲ್ಲಿ ಮಾತು ಬೇರೆ ಕಡೆ ಹೊರಳಿತು.

“ಯಾರರೆ ಧಾರಾವಾಹಿ ನಟೀನ ಕರಸೋಣ್ರಿ ಅಕ್ಕಾರ. ಬರೇ ನಾವ ಕುಂತ್ರ ಯಾರ ಬರ್ತಾರ?” ಎಂದರು ಒಬ್ಬರು. ಎಲ್ಲರೂ ಹೂಂ ಅಂದರು. ಪೆಂಡಾಲು, ಕಾರಿನ ಬಾಡಿಗೆ, ಶಾಲು, ಹಾರ, ನಟಿಗೆ ಕೊಡಬೇಕಾದ ದುಡ್ಡು ಎಲ್ಲ ಲೆಕ್ಕ ಹಾಕಿದರು. ಆಗ ಗೋಡೆಗೆ ಒರಗಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ಆಕಿ ಬಂದು ಹ್ವಾದ ಮ್ಯಾಲೆ ನಾವ ಯಾರ ಮುಂದ ಹೇಳ್ಕೋಬೇಕ?”

ಸಭೆಯಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಹಾಗಾಗಿ ಈ ಬರಹ.

ತಾರೆಯರಿಂದ ಏನೂ ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ, 1982ರ ಗೋಕಾಕ್ ಚಳವಳಿ ಅವರಿಗೆ ನೆನಪಿರುತ್ತದೆ. ಡಾ. ರಾಜಕುಮಾರ್ ಬಂದ ಮೇಲೆ ಚಳವಳಿಯ ಬಲವೇ ಬೇರೆಯಾಯಿತು. ಆದರೆ ಅವರು ಬರುವ ಮೊದಲೇ ಸಾಹಿತಿಗಳು, ವಿದ್ಯಾರ್ಥಿಗಳು ಬೀದಿಗೆ ಇಳಿದಿದ್ದರು. ಗೋಕಾಕ್ ವರದಿ ಜಾರಿ ಮಾಡಿ ಎಂಬ ಬೇಡಿಕೆ ಸಿದ್ಧವಿತ್ತು. ಜನ ಅಣ್ಣಾವ್ರನ್ನು ನೋಡಲು ಬಂದರೂ ಬೇಡಿಕೆ ಕೇಳಿಸಿಕೊಂಡು ಹೋದರು. ನಮ್ಮ ಸಭೆಯಲ್ಲಿ ಅತಿಥಿ ಯಾರೆಂಬುದು ತೀರ್ಮಾನವಾಗಿತ್ತು, ಬೇಡಿಕೆ ಏನೆಂಬುದು ಆಗಿರಲಿಲ್ಲ.

ಬೇಡಿಕೆ ಇಲ್ಲದೆ ಬರೀ ಪ್ರಚಾರ ಆದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ನೋಡಿದೆ. 2015ರ ಜನವರಿಯಲ್ಲಿ ‘ಬೇಟಿ ಬಚಾವೋ, ಬೇಟಿ ಪಢಾವೋ’ ಯೋಜನೆ ದೇಶದ 100 ಜಿಲ್ಲೆಗಳಲ್ಲಿ ಶುರುವಾದಾಗ ಅದರಲ್ಲಿ ವಿಜಯಪುರವೂ ಇತ್ತು. ಗಂಡುಮಕ್ಕಳಿಗೆ ಹೋಲಿಸಿದರೆ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ ಇದ್ದದ್ದೇ ಅದಕ್ಕೆ ಕಾರಣ. ಉದ್ಘಾಟನೆಗೆ ನಟಿ ಮಾಧುರಿ ದೀಕ್ಷಿತ್ ಬಂದಿದ್ದರು. ಆಮೇಲೆ ಸಂಸದೀಯ ಸಮಿತಿ ಲೆಕ್ಕ ನೋಡಿತು. 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಯಲ್ಲಿ ಶೇ. 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಹೋಗಿತ್ತು. ಹುಡುಗಿಯರ ಓದಿಗೆ, ಆರೋಗ್ಯಕ್ಕೆ ಉಳಿದದ್ದೆಷ್ಟು ಎಂದು ನೀವೇ ಲೆಕ್ಕ ಹಾಕಿ.

ಅದೇ ಯೋಜನೆಗೆ ಹರಿಯಾಣ ಸರ್ಕಾರ 2016ರಲ್ಲಿ ಒಲಿಂಪಿಕ್ಸ್ ಪದಕ ಗೆದ್ದ ಕುಸ್ತಿಪಟು ಸಾಕ್ಷಿ ಮಲಿಕ್ ಅವರನ್ನು ರಾಯಭಾರಿ ಮಾಡಿತು. 2023ರಲ್ಲಿ ಅದೇ ಸಾಕ್ಷಿ, ಮಹಿಳಾ ಕುಸ್ತಿಪಟುಗಳಿಗೆ ಲೈಂಗಿಕ ಕಿರುಕುಳ ಆಗಿದೆ, ನ್ಯಾಯ ಕೊಡಿ ಎಂದು ದೆಹಲಿಯಲ್ಲಿ ಧರಣಿ ಕೂತರು. ಮೇ 28ರಂದು ಪೊಲೀಸರು ಅವರನ್ನು ರಸ್ತೆಯಲ್ಲಿ ಎಳೆದೊಯ್ದರು. ವರ್ಷದ ಕೊನೆಗೆ ಅವರು ಬೂಟು ಬಿಚ್ಚಿ ಮೇಜಿನ ಮೇಲಿಟ್ಟು ಕುಸ್ತಿಯನ್ನೇ ಬಿಟ್ಟರು. ಪೋಸ್ಟರಿನಲ್ಲಿ ನಗುವ ಮುಖ ಎಲ್ಲರಿಗೂ ಬೇಕು. ಆ ಮುಖ ಬಾಯಿ ತೆರೆದು ಪ್ರಶ್ನೆ ಕೇಳಿದರೆ ಯಾರಿಗೂ ಬೇಡ.

ಇನ್ನು ನಮ್ಮ ಕನ್ನಡ ಚಿತ್ರರಂಗದ ಮಾತು. 2018ರಲ್ಲಿ ನಟಿ ಶ್ರುತಿ ಹರಿಹರನ್ ಕಿರುಕುಳದ ಬಗ್ಗೆ ಬಹಿರಂಗವಾಗಿ ಮಾತಾಡಿದಾಗ ಬೆನ್ನಿಗೆ ನಿಂತವರು ಕೆಲವೇ ಮಂದಿ. ಆರು ವರ್ಷದ ನಂತರ, 2024ರ ಆಗಸ್ಟಿನಲ್ಲಿ ಕೇರಳದ ಹೇಮಾ ಸಮಿತಿ ವರದಿ ಹೊರಬಂತು. ಮರು ತಿಂಗಳೇ ‘ಫೈರ್’ ಎಂಬ ಚಿತ್ರರಂಗದ ಸಂಘಟನೆ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ನಿವೃತ್ತ ನ್ಯಾಯಮೂರ್ತಿಯ ನೇತೃತ್ವದಲ್ಲಿ ಕನ್ನಡ ಚಿತ್ರರಂಗಕ್ಕೂ ಒಂದು ಸಮಿತಿ ಮಾಡಿ ಎಂಬುದು ಬೇಡಿಕೆ. ಅದಕ್ಕೆ 153 ಮಂದಿಯ ಸಹಿ ಇತ್ತು. ಸುದೀಪ್ ಇದ್ದರು, ರಮ್ಯಾ ಇದ್ದರು, ಶ್ರುತಿ ಹರಿಹರನ್ ಕೂಡ ಇದ್ದರು. ಆಮೇಲೆ ಮಹಿಳಾ ಆಯೋಗ ಮತ್ತು ಚಲನಚಿತ್ರ ವಾಣಿಜ್ಯ ಮಂಡಳಿ ಕೂತು ಸಭೆ ನಡೆಸಬೇಕಾಯಿತು.

ಒಂದು ಮನವಿಯಿಂದ ಎಲ್ಲ ಸರಿಹೋಯಿತು ಎಂದು ನಾವು ಹೇಳುತ್ತಿಲ್ಲ. ಆದರೆ ಆ 153 ಮಂದಿ ರಿಬ್ಬನ್ ಕತ್ತರಿಸಲಿಲ್ಲ, ಕಾಗದಕ್ಕೆ ಸಹಿ ಹಾಕಿದರು. ಇಂಥದ್ದು ಬೇಕು, ಇಂಥವರು ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದವರನ್ನು ನಾಳೆ ಯಾರಾದರೂ ನಿಲ್ಲಿಸಿ ‘ಏನಾಯ್ತು?’ ಎಂದು ಕೇಳಬಹುದು.

ಆ ನಟಿಯರಿಗೂ, ನಮ್ಮೂರ ಹೊಲದಲ್ಲಿ ಕಳೆ ತೆಗೆಯುವ ಹೆಣ್ಮಕ್ಕಳಿಗೂ ಕಾನೂನು ಒಂದೇ, ಇದು ಬಹಳ ಜನರಿಗೆ ಗೊತ್ತಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಈ ಕಾನೂನು ಬಂದದ್ದು 2013ರಲ್ಲಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ಮಾಲೀಕನ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಇದು ಅನ್ವಯಿಸುತ್ತದೆ. ಹಳ್ಳಿಯವರು ಜಿಲ್ಲಾ ಕೇಂದ್ರಕ್ಕೆ ಅಲೆಯಬಾರದು ಎಂದೇ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾನೂನು ಹೇಳುತ್ತದೆ. ಅವರು ದೂರು ಪಡೆದು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು ಎಂಬುದು ನೆನಪಿರಲಿ.

ಈ ಕಾನೂನಿನ ಬೇರು ಇರುವುದು ಹಳ್ಳಿಯಲ್ಲಿ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಒಬ್ಬ ಗ್ರಾಮೀಣ ಕಾರ್ಯಕರ್ತೆಯ ಮೇಲೆ 1992ರಲ್ಲಿ ಅತ್ಯಾಚಾರ ನಡೆಯಿತು. ಆ ಪ್ರಕರಣದ ನಂತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ‘ವಿಶಾಖಾ’ ತೀರ್ಪು ಬಂತು. ಹಳ್ಳಿಯ ಒಬ್ಬ ಹೆಣ್ಮಗಳ ಸಂಕಟದಿಂದ ಬಂದ ರಕ್ಷಣೆಯನ್ನೇ ಇವತ್ತು ನಟಿಯರೂ ಕೇಳುತ್ತಿದ್ದಾರೆ. ಹಾಗಾಗಿ ತಾರೆಯರ ಮುಂದೆ ನಾವು ಕೈಚಾಚಿ ನಿಲ್ಲಬೇಕಿಲ್ಲ. ‘ನಿಮ್ಮ ಕಷ್ಟ, ನಮ್ಮ ಕಷ್ಟ ಒಂದೇ, ಬರ್ರಿ’ ಎಂದು ಕರೆದರೆ ಸಾಕು.

ಕರೆಯುವಾಗ ಮೂರು ಮಾತು ಕೇಳೋಣ. ಒಂದು, ನಮ್ಮ ಅರ್ಜಿಗೆ ಸಹಿ ಹಾಕಲಿ. ಅದರಲ್ಲಿ ಇರಬೇಕಾದದ್ದು ಇಷ್ಟೇ: ನಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಸ್ಥಳೀಯ ಸಮಿತಿಯಲ್ಲಿ ಯಾರಿದ್ದಾರೆ, ಅವರ ಫೋನ್ ನಂಬರ್ ಪ್ರತಿ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಎರಡು, ಆ ಮಾಹಿತಿಯನ್ನೂ ಮಹಿಳಾ ಸಹಾಯವಾಣಿ 181 ಅನ್ನೂ ಒಂದು ನಿಮಿಷದ ವಿಡಿಯೊದಲ್ಲಿ ಹೇಳಲಿ, ನಾವು ಊರೂರಿನ ಗುಂಪುಗಳಿಗೆ ಕಳಿಸುತ್ತೇವೆ. ಮೂರು, ಮೂರು ತಿಂಗಳಾದ ಮೇಲೆ ‘ಗೋಡೆ ಮೇಲೆ ನಂಬರ್ ಬಂತೇ?’ ಎಂದು ಅವರೇ ಇನ್ನೊಮ್ಮೆ ಕೇಳಲಿ.

ಬೆಂಗಳೂರಿನವರೇ ಬೇಕೆಂದೇನೂ ಇಲ್ಲ. ನಮ್ಮ ಕಡೆಯ ನಾಟಕ ಕಂಪನಿಯ ಕಲಾವಿದೆಯರು, ಜಾನಪದ ಹಾಡುಗಾರರು, ಯೂಟ್ಯೂಬಿನಲ್ಲಿ ನಗಿಸುವ ಹುಡುಗರು ಇದ್ದಾರೆ. ಅವರ ಮಾತಿಗೆ ನಮ್ಮ ಊರುಗಳಲ್ಲಿ ಬೆಲೆ ಇದೆ. ಅವರಿಗೆ ನಮ್ಮ ಭಾಷೆಯೂ ಗೊತ್ತು, ದಾರಿಯೂ ಗೊತ್ತು.

ಯಾರೂ ಬರದಿದ್ದರೆ? ಸಂಘದ ಅಕ್ಕಂದಿರ ಸಹಿ, ಹೆಬ್ಬೆಟ್ಟು ಹಾಕಿದ ಅರ್ಜಿಯೂ ಅರ್ಜಿಯೇ. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಅದರ ಫೋಟೊ ಇಟ್ಟುಕೊಳ್ಳಿ. ಪೆಂಡಾಲು ಆಮೇಲೆ ಹಾಕಿದರಾಯಿತು. ‘ಯಾರ ಮುಂದ ಹೇಳ್ಕೋಬೇಕ’ ಎಂದು ಕೇಳಿದ ಆ ಅವ್ವನಿಗೆ ಮೊದಲು ಒಂದು ಹೆಸರು, ಒಂದು ನಂಬರ್ ಕೊಡೋಣ.