ಪಾಸ್‌ವರ್ಡ್ ಕೇಳುವವರು ಯಾರು?

ಗೋರಂಟ್ಲದ ಮನೆಯೊಂದಕ್ಕೆ ಹೋದಾಗ ತಾಯಿಯೊಬ್ಬರು, “ಫಾದರ್, ವರ್ಡ್ ತೆರೆದಾಗಲೆಲ್ಲ ಪಾಸ್‌ವರ್ಡ್ ಕೇಳುತ್ತೆ. ಕೊಟ್ಟರೂ ಕನ್ನಡ ಮೂಡಲ್ಲ” ಎಂದು ದೂರಿದರು. ಆಂಧ್ರದಲ್ಲಿದ್ದೂ ಮೊಮ್ಮಗಳಿಗೆ ಕನ್ನಡದಲ್ಲೇ ಪತ್ರ ಬರೆಯುವ ಹಟ ಅವರದು.

ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಬಂದ ‘ಬರಹ’, ಇವು ಸಹಾಯಕ ತಂತ್ರಾಂಶಗಳು. ನಾವು ಒತ್ತಿದ ಕೀಲಿಯನ್ನು ಕನ್ನಡವಾಗಿಸಿ ವರ್ಡ್‌ಗೆ ದಾಟಿಸುತ್ತವೆ. ಆದರೆ 2007ರ ವಿಂಡೋಸ್ ವಿಸ್ತಾದಿಂದೀಚೆಗೆ ಒಂದು ಕಟ್ಟುಪಾಡಿದೆ: ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದ ತಂತ್ರಾಂಶಕ್ಕೆ ಸಾಮಾನ್ಯ ತಂತ್ರಾಂಶ ಅಕ್ಷರ ದಾಟಿಸುವಂತಿಲ್ಲ. ಯಾರೋ ವರ್ಡ್‌ನ ಪ್ರಾಪರ್ಟೀಸ್‌ನಲ್ಲಿ, ಕಂಪ್ಯಾಟಿಬಿಲಿಟಿ ಪುಟದಲ್ಲಿ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಗುರುತು ಹಾಕಿದ್ದರು. ಅದನ್ನು ತೆಗೆದೆವು. ಪಾಸ್‌ವರ್ಡ್ ಪ್ರಶ್ನೆ ಹೋಯಿತು, ಕನ್ನಡವೂ ಬಂತು!

ನಮಗೆ ಚಿಂತೆಯಾದದ್ದು ಬೇರೆ. ದಿನವೂ ಕೇಳಿ ಕೇಳಿ, ಓದದೆಯೇ ಪಾಸ್‌ವರ್ಡ್ ಒತ್ತುವುದು ಅವರಿಗೆ ರೂಢಿಯಾಗಿತ್ತು. ಪಿಂಚಣಿ ಖಾತೆ ತೆರೆಯುವುದೂ ಅದೇ ಕಂಪ್ಯೂಟರಿನಲ್ಲಿ. (ಅವಸರದಲ್ಲಿ ನಾವೂ ಒಮ್ಮೆ ಹಾಗೆ ಒತ್ತಿ ಎರಡು ದಿನ ಒದ್ದಾಡಿದ್ದುಂಟು.) ನಾವೇ ಏನನ್ನಾದರೂ ಇನ್‌ಸ್ಟಾಲ್ ಮಾಡುವಾಗ ಕೇಳಿದರೆ, ಹೆಸರು ಓದಿ ಕೊಡಬಹುದು. ಸುಮ್ಮನೆ ಕೂತಾಗ ಕೇಳಿದರೆ, ಫೋನಿನಲ್ಲಿ ಅಪರಿಚಿತರು ಒತ್ತಿ ಎಂದರೆ, ಕ್ಯಾನ್ಸಲ್. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಆ ಸಂಖ್ಯೆಯನ್ನು ಅವರ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಬಂದೆವು.